ನಿಂತು ನೋಡುವವನೂ ಒಂದು ಜಗ್ ಡಿಕಾಕ್ಷನ್ನೂ

ಜನಾಂಗೀಯ ತಾರತಮ್ಯದ ವಿರುದ್ಧದ ಹೋರಾಟದಲ್ಲಿ ನಾನು ಒಂದು ಜಗ್ ಡಿಕಾಕ್ಷನ್ ಚೆಲ್ಲಿದ್ದೇನೆ. ಇಂಥ ಹೋರಾಟಕ್ಕೆ ರಕ್ತ ಚೆಲ್ಲಿದವರಿದ್ದಾರೆ, ಬೆವರು ಚೆಲ್ಲಿದವರಿದ್ದಾರೆ. ಡಿಕಾಕ್ಷನ್ ಚೆಲ್ಲಿದವನು ಬಹುಶಃ ನಾನೊಬ್ಬನೇ. ಅದೂ ಅತಿಥಿಯೊಬ್ಬರ ಬಿಳಿ ಪ್ಯಾಂಟಿನ ಮೇಲೆ. ಆರಿದ ಡಿಕಾಕ್ಷನ್ ಆಗಿತ್ತು ಅನ್ನುವುದೊಂದೇ ಪುಣ್ಯ.

ನನ್ನ ಕೆಲಸ ಕೊಡಗಿನ ಹಾರಂಗಿ ಹಿನ್ನೀರಿನ ಅಂಚಿನ ಒಂದು ರೆಸಾರ್ಟಿನಲ್ಲಿ. ಅತಿಥಿಗಳನ್ನು ತೋಟ ಸುತ್ತಿಸುವುದು, ‘ಇದು ಮೆಣಸಿನ ಬಳ್ಳಿ, ಅದು ಏಲಕ್ಕಿ’ ಎನ್ನುವುದು, ಹೆಸರು ಗೊತ್ತಿಲ್ಲದ ಗಿಡ ಎದುರಾದರೆ ‘ಇದು ಬಹಳ ಅಪರೂಪದ್ದು’ ಎಂದು ಸರಸರ ಮುಂದೆ ನಡೆಯುವುದು. ನನ್ನಿಂದಾಗಿ ನಮ್ಮ ತೋಟದಲ್ಲಿ ಅಪರೂಪದ ಗಿಡಗಳೇ ಹೆಚ್ಚು.

ಮೊನ್ನೆ ನಮಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಕೆಲಸದ ಜಾಗದಲ್ಲಿ ಯಾರನ್ನಾದರೂ ಅವರ ಮುಖ, ಬಣ್ಣ, ಊರು ಹಿಡಿದು ಹೀಯಾಳಿಸಿದರೆ ಪಕ್ಕದಲ್ಲಿ ನಿಂತವರು ಏನು ಮಾಡಬೇಕು ಎಂಬುದು ವಿಷಯ. ಕೇಳಿಯೇ ನನಗೆ ಸಂಕಟವಾಯಿತು. ನಿಂತು ನೋಡುವುದು ನಮ್ಮ ಕುಲಕಸುಬು ಸ್ವಾಮಿ! ಸೋಮವಾರಪೇಟೆ ಸಂತೆಯ ದಿನ ಜೆಸಿಬಿಯೊಂದು ಚರಂಡಿ ತೋಡತೊಡಗಿದರೆ ಅರ್ಧ ಸಂತೆ ಅದರ ಸುತ್ತ ಇರುತ್ತದೆ, ಬಸ್ಸು ಹೋದರೂ ಅಲ್ಲಾಡುವುದಿಲ್ಲ. ಹಿರಿಯರಂತೂ ಇದಕ್ಕೆ ಸಾಕ್ಷೀಭಾವ ಎಂಬ ಹೆಸರಿಟ್ಟು ಮೋಕ್ಷದ ಮೆಟ್ಟಿಲನ್ನಾಗಿಸಿದ್ದಾರೆ. ಆ ಮೆಟ್ಟಿಲ ಮೇಲೆ ಆರಾಮಾಗಿ ಕೂತವನನ್ನು ಎಬ್ಬಿಸಿ ‘ಬಾಯಿ ಬಿಡು’ ಎಂದರೆ?

ಮೈಸೂರಿನಿಂದ ಬಂದ ಮೇಡಂ ನಿಧಾನವಾಗಿ ಹೇಳಿಕೊಟ್ಟರು. ತಪ್ಪನ್ನು ನೇರವಾಗಿ ತಪ್ಪು ಎನ್ನಿ. ಆಗದಿದ್ದರೆ ಗಮನ ಬೇರೆ ಕಡೆ ಸೆಳೆಯಿರಿ. ಅದೂ ಆಗದಿದ್ದರೆ ಮೇಲಿನವರನ್ನು ಕರೆಯಿರಿ. ಕೊನೆಯದಾಗಿ ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ನಾನು ಕಿಟಕಿಯಾಚೆ ಹೊರಟುಹೋಗಿದ್ದೆ. ಹಿನ್ನೀರಿನ ಮೇಲೆ ಮಂಜು ಮಲಗಿತ್ತು. ನೀರಲ್ಲಿ ಮುಳುಗಿದ ಯಾವುದೋ ಕಾಲದ ಒಣಮರದ ತುದಿಯಲ್ಲಿ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಕೂತು ಒಣಗಿಸಿಕೊಳ್ಳುತ್ತಿತ್ತು. ಆ ಮಂಜಿನೊಳಗಿಂದ ನಾನು ನಡೆದು ಬರುತ್ತಿದ್ದೆ. ನನ್ನ ಒಂದೇ ಮಾತಿಗೆ ದುಷ್ಟರು ಬಾಳೆಗಿಡದ ಹಾಗೆ ಬೀಳುತ್ತಿದ್ದರು. ಎಚ್ಚರವಾದಾಗ ಬೋಂಡ ಬಂದಿತ್ತು.

ಈಗ ಜುನಾಲಿಯ ಬಗ್ಗೆ ಹೇಳಬೇಕು. ಅಸ್ಸಾಮಿನವಳು. ಅವಳ ಅಕ್ಕ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಾಳೆ. ಅಕ್ಕನಿಗೆ ಎಸ್ಟೇಟಿನವರು ಕೊಟ್ಟ ಲೈನ್‌ಮನೆಯಲ್ಲಿದ್ದುಕೊಂಡೇ ಜುನಾಲಿ ಕನ್ನಡ ಕಲಿತಳು, ಕಾಫಿಯನ್ನೂ ಕಲಿತಳು. ಎರಡು ವರ್ಷ ನಮ್ಮಲ್ಲಿ ರೂಮು ಗುಡಿಸಿ ಒರೆಸಿದ ಮೇಲೆ, ಅತಿಥಿಗಳಿಗೆ ಕಾಫಿ ರುಚಿ ತೋರಿಸಿ ವಿವರಿಸುವ ಮೇಜಿಗೆ ಅವಳನ್ನು ಪರೀಕ್ಷೆಗೆಂದು ಹಾಕಿದ್ದರು. ಒಂದು ವಾರ ಚೆನ್ನಾಗಿ ನಡೆಸಿದರೆ ಮೇಜು ಅವಳದು. ಇಲ್ಲದಿದ್ದರೆ ಮತ್ತೆ ಪೊರಕೆ.

ನಾಲ್ಕನೆಯ ದಿನ ಬಿಳಿ ಪ್ಯಾಂಟು ಬಂತು. ಅವಳು ‘ಇದು ರೊಬಸ್ಟಾ ಸಾರ್’ ಎನ್ನುವಷ್ಟರಲ್ಲಿ ಆ ಮನುಷ್ಯ ನನ್ನ ಕಡೆ ತಿರುಗಿ ನಕ್ಕರು.

“ಏನ್ರೀ ಇದು, ಕೊಡಗಿನ ಕಾಫಿ ಬಗ್ಗೆ ಹೇಳಕ್ಕೆ ಚೀನಾದಿಂದ ಕರೆಸಿದ್ದೀರಾ? ನಮ್ಮೋರು ಯಾರೂ ಸಿಗ್ಲಿಲ್ವಾ?”

ಜುನಾಲಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು. ‘ಸಾರ್, ಕಾಫಿ ವಿಷಯದಲ್ಲಿ ಇವಳಿಗೆ ಗೊತ್ತಿರೋದರಲ್ಲಿ ಕಾಲು ಭಾಗಾನೂ ನಂಗೆ ಗೊತ್ತಿಲ್ಲ’ ಎಂದರೆ ಸಾಕಿತ್ತು. ಅದು ನಿಜವೂ ಆಗಿತ್ತು. ಆದರೆ ಕನಸಿನಲ್ಲಿ ಅಷ್ಟು ಗುಡುಗಿದ್ದ ನಾನು ಮೇಜಿನ ಮೇಲಿನ ಕಪ್ಪುಗಳನ್ನು ಎಣಿಸತೊಡಗಿದೆ. ಆಗ ಹೊಳೆಯಿತು: ಗಮನ ಬೇರೆ ಕಡೆ ಸೆಳೆಯಿರಿ! ಅವಳ ಮೇಜಿಗೆಂದು ತಂದ ಡಿಕಾಕ್ಷನ್ ಜಗ್ ಕೈಯಲ್ಲೇ ಇತ್ತು. ಇಲ್ಲದ ಕಲ್ಲನ್ನು ಎಡವಿ, ಇದ್ದ ಡಿಕಾಕ್ಷನ್ನನ್ನೆಲ್ಲ ಹಾರಿಸಿದೆ.

ಗಮನ ಸೆಳೆದೆ, ಸಂಶಯವೇ ಬೇಡ. ಬಿಳಿ ಪ್ಯಾಂಟು ಕುಣಿಯಿತು. ಮೇಜಿನ ಬಟ್ಟೆ, ಕಪ್ಪುಗಳು, ನೆಲ, ಎಲ್ಲ ಒಂದೇ ಬಣ್ಣವಾಗಿ ತಾರತಮ್ಯ ಪೂರ್ತಿ ಅಳಿಸಿಹೋಯಿತು. ಓಡಿ ಬಂದ ಮ್ಯಾನೇಜರು ನನಗೆ ಬೈದರು, ಅತಿಥಿಗೆ ಕೈಮುಗಿದರು, ಆಮೇಲೆ, “ಜುನಾಲಿ, ಇವತ್ತಿಗೆ ಮೇಜು ಎತ್ತಿಬಿಡು, ಇದನ್ನ ಒರೆಸು” ಎಂದರು. ನಾನು ಬೈಗುಳವನ್ನು ಹೂವಿನ ಹಾರದಂತೆ ಕೊರಳಿಗೆ ಹಾಕಿಕೊಂಡು ಹಿನ್ನೀರಿನ ಹತ್ತಿರ ಹೋಗಿ ನಿಂತೆ. ನೀರುಕಾಗೆ ಅಲ್ಲೇ ಇತ್ತು. ಅದೂ ನನ್ನನ್ನು ಮೆಚ್ಚಿದಂತೆ ಕಂಡಿತು.

ಸಂಜೆ ಜುನಾಲಿ ಬಂದಳು. ಅವಳ ಬೆರಳುಗಳಲ್ಲಿ ಇನ್ನೂ ಕಾಫಿಯ ಕಂದು ಹೋಗಿರಲಿಲ್ಲ.

“ಹೆಂಗೆ? ಅವನ ಬಾಯಿ ಮುಚ್ಚಿಸಿದೆ ತಾನೇ?” ಎಂದೆ.

“ಮುಚ್ಚಿಸ್ದೆ ಪ್ರದೀಪಣ್ಣ. ಒರೆಸಿದ್ದು ಯಾರು?”

ಮಂಜು ಮೆಲ್ಲಗೆ ದಡಕ್ಕೆ ಬರುತ್ತಿತ್ತು.

“ಮೇಡಂ ಕೊನೇಲಿ ಏನು ಹೇಳಿದ್ರು, ಕೇಳಿಸ್ಕೊಂಡ್ಯಾ?” ಎಂದಳು. “ಏನು ಸಹಾಯ ಬೇಕು ಅಂತ ಬೈಸ್ಕೊಂಡೋರನ್ನೇ ಕೇಳಿ ಅಂದ್ರು. ನೀ ಆಗ ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಿದ್ದೆ.”

“ಸರಿ ಮಾರಾಯ್ತಿ, ಈಗ ಕೇಳ್ತೀನಿ. ಏನು ಬೇಕು?”

“ಉಳಿದ ಮೂರು ದಿನ ನಂಗೇ ಕೊಡಿ ಅಂತ ಮ್ಯಾನೇಜರ್‌ನ ಕೇಳ್ಕೊಂಡು ಬಂದೆ. ಹೂಂ ಅಂದ್ರು. ಅಂಥೋರು ನಾಳೇನೂ ಬರ್ತಾರೆ. ಮಾತು ನಾನೇ ಆಡ್ತೀನಿ. ನೀ ಬಂದು ನನ್ ಪಕ್ಕ ನಿಂತ್ಕೋ, ಅಷ್ಟೇ ಸಾಕು.” ನಾಲ್ಕು ಹೆಜ್ಜೆ ಹೋದವಳು ಮತ್ತೆ ತಿರುಗಿದಳು. “ಆದ್ರೆ ಅಣ್ಣ, ಕೈಯಲ್ಲಿ ಏನೂ ಹಿಡ್ಕೊಂಡು ಬರ್ಬೇಡ.”