ಹದಿನೇಳನೇ ನಂಬರಿನ ಸಿಸ್ಟರ್

ಒಬ್ಬ ಸಿಸ್ಟರ್, ವಯಸ್ಸು ನಲವತ್ತಾರು. ದೊಡ್ಡ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮೇಲೆ ನರ್ಸಿಂಗ್‌ನಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. "ಡಾಕ್ಟ್ರಾದ್ಮೇಲೆ ನನ್ನ ಮಂಡಿ ನೋವಿಗೆ ನೀನೇ ಮದ್ದು ಬರ್ಕೊಡು" ಅನ್ನುತ್ತಿದ್ದರು ಅತ್ತೆ. "ಇದು ಆ ಡಾಕ್ಟ್ರಲ್ಲ ಅತ್ತೆ" ಎಂದರೆ, "ಮತ್ಯಾವ ಸುಖಕ್ಕೆ ಓದ್ತಿದ್ದೀಯ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ.

ಔಷಧಿ ಕೊಡುವಾಗ ಆದ ತಪ್ಪನ್ನು ನರ್ಸುಗಳು ಯಾಕೆ ಮುಚ್ಚಿಡುತ್ತಾರೆ ಎಂಬುದು ಅವಳ ವಿಷಯ. ಮೂವತ್ತೆರಡು ಜನ ಅವಳನ್ನು ನಂಬಿ ಬಾಯಿ ಬಿಟ್ಟಿದ್ದರು. ಪ್ರತಿಯೊಬ್ಬರಿಗೂ ಹೆಸರಿನ ಬದಲು ಒಂದು ನಂಬರು. ಯಾವ ನಂಬರು ಯಾರದೆಂದು ಬರೆದಿದ್ದ ಒಂದೇ ಒಂದು ಹಾಳೆ ಅವಳ ಬೀರುವಿನಲ್ಲಿತ್ತು. ಕೆಲಸ ಮುಗಿದ ಕೂಡಲೇ ಅದನ್ನು ನಾಶಮಾಡಬೇಕೆಂಬುದು ನಿಯಮ. ಇನ್ನೊಂದು ಸಲ ತಾಳೆ ನೋಡೋಣವೆಂದು ಅವಳು ಉಳಿಸಿಕೊಂಡಿದ್ದಳು.

ಎಡವಟ್ಟಾದದ್ದು ಅವಳ ಬಾಯಿಂದಲೇ. ಕಾಲೇಜಿನಲ್ಲಿ ಆರು ತಿಂಗಳ ಪ್ರಗತಿ ಒಪ್ಪಿಸುವಾಗ, ಉದಾಹರಣೆಗೆಂದು ಹದಿನೇಳನೆಯವಳ ಮಾತನ್ನು ಓದಿದಳು. ಚೀಟಿಯಲ್ಲಿ ನಾಲ್ಕರ ಪಕ್ಕ ಬರೆದಿದ್ದ ಇಂಗ್ಲಿಷ್ 'ಯು' ಅಕ್ಷರ ಸೊನ್ನೆಯ ಹಾಗೆ ಕಂಡು, ನಾಲ್ಕು ಯೂನಿಟ್ ಇನ್ಸುಲಿನ್ ಬದಲು ನಲವತ್ತು ಕೊಟ್ಟದ್ದು; ರೋಗಿ ಬೆವೆತು ಪ್ರಜ್ಞೆ ತಪ್ಪಿದ್ದು; ಗ್ಲೂಕೋಸ್ ಏರಿಸಿ ಉಳಿಸಿಕೊಂಡದ್ದು; ಊಟ ಬಿಟ್ಟಿದ್ದಕ್ಕೆ ಹೀಗಾಯಿತೆಂದು ಮನೆಯವರನ್ನು ನಂಬಿಸಿದ್ದು. ವಾರ್ಡು ಯಾವುದೆಂದು ಹೇಳಲಿಲ್ಲ, ತಿಂಗಳೂ ಹೇಳಲಿಲ್ಲ. ಆದರೆ ಆಹ್ವಾನದ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಆಸ್ಪತ್ರೆಯ ಮೇಟ್ರನ್ ಕೈಯ ಪೆನ್ನು ಅಲ್ಲೇ ನಿಂತಿತು.

ಮರುದಿನವೇ ಕರೆ ಬಂತು. ಮೇಟ್ರನ್ ಕೂರಲು ಹೇಳಲಿಲ್ಲ.

"ಅದು ನಿಮ್ಮ ವಾರ್ಡಿನ ಕೇಸೇ ತಾನೆ?"

"ಹೇಳೋ ಹಾಗಿಲ್ಲ ಮೇಡಂ."

"ನಾಳೆ ಒಂದು ಜೀವ ಹೋದ್ರೆ ಯಾರು ಜವಾಬ್ದಾರಿ, ನೀವಾ? ಸೋಮವಾರದೊಳಗೆ ಹೆಸರು ಬೇಕು. ಇಲ್ಲಾಂದ್ರೆ ಓದೋಕೆ ಕೊಟ್ಟಿರೋ ಅನುಮತಿ ವಾಪಸ್ ತಗೋತೀನಿ."

ಅಂದಿನಿಂದ ಫೋನ್ ಸದ್ದಾದರೂ ಬೆಚ್ಚಿಬೀಳತೊಡಗಿದಳು. ಇಂಜೆಕ್ಷನ್ ತುಂಬುವಾಗ ಅಳತೆಯನ್ನು ಜೊತೆಯವರಿಂದ ಎರಡೆರಡು ಸಲ ಓದಿಸುತ್ತಿದ್ದಳು. ಮೇಟ್ರನ್ ಹೇಳಿದ್ದರಲ್ಲೂ ನಿಜವಿತ್ತಲ್ಲ ಎಂಬ ಯೋಚನೆ ಬೇರೆ ಕೊರೆಯುತ್ತಿತ್ತು. ಪಿಎಚ್.ಡಿ. ಗೈಡ್‌ಗೆ ಫೋನ್ ಮಾಡಿದರೆ, "ನಿಯಮ ಅಂದ್ರೆ ನಿಯಮ, ಹೇಳ್ಬೇಡಮ್ಮ. ಹಾಗಂತ ನಾನಂದೆ ಅಂತ ಮಾತ್ರ ಎಲ್ಲೂ ಅನ್ಬೇಡ" ಎಂದುಬಿಟ್ಟರು.

ಶುಕ್ರವಾರ, ತೊಳೆದ ಬೆಡ್‌ಶೀಟುಗಳನ್ನಿಡುವ ಕೋಣೆಗೆ ಅವಳ ಹಿಂದೆಯೇ ಒಬ್ಬಳು ಬಂದು ಬಾಗಿಲು ಮುಂದೆ ಮಾಡಿದಳು. ಹದಿನೇಳನೆಯವಳು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಮೇಟ್ರನ್ ಹೆಸರು ಕೇಳಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಅಕ್ಕಾ, ನನ್ನ ಹೆಸರು ಹೇಳ್ಬಿಡ್ತೀರಾ?"

"ಇಲ್ಲ ಕಣೇ."

"ಆಣೆ ಮಾಡಿ."

ಆಣೆ ಮಾಡುವಷ್ಟು ನಂಬಿಕೆ ಅವಳಿಗೆ ತನ್ನ ಮೇಲೆಯೇ ಇರಲಿಲ್ಲ. ಹುಡುಗಿ ಒಂದು ಕ್ಷಣ ಕಾದು, ಬಾಗಿಲು ತೆರೆದುಕೊಂಡು ಹೊರಟುಹೋದಳು.

ಆ ಸಂಜೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ, ಬೀರುವಿನಿಂದ ಹಾಳೆ ತೆಗೆದು ಒಲೆಯ ಉರಿಗೆ ಹಿಡಿದಳು. "ಏನೇ ಸೀದ ವಾಸನೆ?" ಅತ್ತೆ ಕೂಗಿದರು. "ಏನಿಲ್ಲ ಅತ್ತೆ, ಕಾಗದ." ಹಾಳೆ ಬೂದಿಯಾಯಿತು, ಹೆದರಿಕೆ ಮಾತ್ರ ಹಾಗೇ ಉಳಿಯಿತು. ಮೂವತ್ತೆರಡು ಹೆಸರೂ ಅವಳಿಗೆ ಬಾಯಿಪಾಠವಾಗಿದ್ದವು. ಎಲ್ಲಿ ಕನವರಿಸಿಬಿಡುತ್ತೇನೋ ಎಂದು ಮಲಗುವುದಕ್ಕೂ ಅಂಜಿದಳು.

ಸೋಮವಾರ ಮೇಟ್ರನ್ ಎದುರು ಮೇಜಿನ ಅಂಚು ಹಿಡಿದೇ ನಿಂತಳು. "ಹೆಸರು ಗೊತ್ತು ಮೇಡಂ. ಕೊಡಲ್ಲ." ಮಧ್ಯಾಹ್ನದೊಳಗೆ ಅನುಮತಿ ರದ್ದಾಯಿತು. ವಾರ್ಡಿನಿಂದ ತೆಗೆದು ಹಳೇ ಕೇಸ್‌ಶೀಟುಗಳ ಕೋಣೆಗೆ ಹಾಕಿದರು.

ಹದಿನೈದು ದಿನ ಕಳೆದ ಮೇಲೆ ಹದಿನೇಳನೆಯವಳು ತಾನೇ ಮೇಟ್ರನ್ ಬಳಿ ಹೋಗಿ ಎಲ್ಲವನ್ನೂ ಬರೆದುಕೊಟ್ಟಳು. ಮೂರು ತಿಂಗಳು ಇಂಜೆಕ್ಷನ್ ಮುಟ್ಟಕೂಡದು, ಮತ್ತೆ ತರಬೇತಿ ಪಡೆಯಬೇಕು ಎಂದಾಯಿತು, ಕೆಲಸ ಉಳಿಯಿತು. ರೋಗಿಯ ಮನೆಯವರಿಗೂ ನಿಜ ತಿಳಿಸಿದರು. ಹೆಸರು ಮುಚ್ಚಿಟ್ಟವಳಿಗೆ ಮಾತ್ರ ನೆಮ್ಮದಿಯಾಗಲಿಲ್ಲ. ಕೇಸ್‌ಶೀಟಿನ ಕೋಣೆಗೆ ಬಂದ ಆ ಹುಡುಗಿ, "ನೀವು ಆಣೆ ಮಾಡ್ಲಿಲ್ವಲ್ಲ ಅಕ್ಕ, ಅವತ್ತೇ ಅಂದ್ಕೊಂಡೆ, ನಾನೇ ಹೇಳೋದು ವಾಸಿ ಅಂತ" ಎಂದಾಗ, ಅದನ್ನು ಮೆಚ್ಚುಗೆ ಅನ್ನಬೇಕೋ ದೂರು ಅನ್ನಬೇಕೋ ತಿಳಿಯದೆ ತಲೆ ತಗ್ಗಿಸಿದಳು.

ವರ್ಷದ ಮೇಲೆ ಮೇಟ್ರನ್ ತಾವಾಗಿಯೇ ಅನುಮತಿಗೆ ಸಹಿ ಹಾಕಿದರು. ಕಾರಣ ಹೇಳಲಿಲ್ಲ, ಇವಳು ಕೇಳುವ ಧೈರ್ಯ ಮಾಡಲಿಲ್ಲ. ಪದವಿ ಐವತ್ತೊಂದನೇ ವಯಸ್ಸಿಗೆ ಬಂತು. ಈಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಉದಾಹರಣೆ ಕೊಡಬೇಕಾಗಿ ಬಂದಾಗಲೆಲ್ಲ ಮೊದಲು ಮುಂದಿನ ಸಾಲಿನತ್ತ ಒಮ್ಮೆ ನೋಡುತ್ತಾಳೆ.