ಕೊಳಕ್ಕಿಳಿಯುವ ಮುನ್ನ

ದೆಹಲಿಯ ಲಕ್ಷ್ಮೀ ನಗರದಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೆಲವು ದಿನ ನೀರಿಗಿಂತ ಮೊದಲು ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆ. ಇವತ್ತೂ ಬಂತು. ಇಡ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ ಗುರುಗ್ರಾಮದ ಒಂದು ಹೋಟೆಲಿನ ಈಜುಕೊಳ ನೆನಪಾಯಿತು. ಇವನು ಅಲ್ಲಿಗೆ ಯಾಕೆ ಹೋಗಿದ್ದ ಎಂದು ನೀವು ನಗಬಹುದು. ಹೋಗಿದ್ದೆ ಸ್ವಾಮಿ, ಗಿರಾಕಿಯಾಗಿಯೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ತಿಂಡಿ ಅಂಗಡಿ ನನ್ನದೇ, ಯಾರ ಕೈಕೆಳಗೂ ಇಲ್ಲ. ಮಗಳು ಕಂಪನಿ ಕೆಲಸಕ್ಕೆ ಸೇರಿದ ವರ್ಷ, ಒಂದು ಭಾನುವಾರ ಹೋಟೆಲಿನಲ್ಲಿ ಉಳಿಯೋಣ, ಚಲೋ ಅಪ್ಪಾ ಎಂದು ಹಿಂದಿಯಲ್ಲಿ ಕರೆದಳು. ಆಗಲೇ ನನಗೆ ಅನುಮಾನ. ಈ ಊರಲ್ಲಿ ಯಾರೂ ಸುಮ್ಮನೆ ಏನೂ ಕೊಡುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೂ. ಯಾವುದೋ ಹುಡುಗನ ವಿಷಯ ತೆಗೆಯುತ್ತಾಳೆ ಎಂದುಕೊಂಡೇ ಹೋದೆ.

ನಮ್ಮ ಕಡೆ ಬಾವಿಗೆ ಹಾರುವ ಮುನ್ನ ಮೈಗೆ ಎಣ್ಣೆ ತಿಕ್ಕಿಕೊಳ್ಳುವುದು ರೂಢಿ. ಮಗಳು ಮೊದಲೇ ಕೊಳಕ್ಕೆ ಹೋದಳು. ನಾನು ರೂಮಿನಲ್ಲಿ ತಲೆಯಿಂದ ಕಾಲಿನವರೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಚಡ್ಡಿಯ ಮೇಲೆ ಟವೆಲು ಸುತ್ತಿ ಹೊರಟೆ. ಕೊಳದ ಕಾವಲಿನವನು ದಾರಿಗೆ ಅಡ್ಡ ಬಂದು, ಮೊದಲು ಸೋಪು ಹಾಕಿ ಸ್ನಾನ ಮಾಡಿ ಎಂದ. ಇಂಗ್ಲಿಷ್ ಬೋರ್ಡು ಬೇರೆ ತೋರಿಸಿದ. ಸ್ನಾನ ಮಾಡದೆ ಒಂದು ದಿನವೂ ಒಲೆ ಹಚ್ಚದವನಿಗೆ ಹೇಳುವ ಮಾತೇ ಇದು? ನನ್ನ ಕೈಕಾಲು ನೋಡಿಯೇ ಹೇಳುತ್ತಿದ್ದಾನೆ ಅನ್ನಿಸಿತು. ಮಗಳಿಗಾಗಿ ಸ್ನಾನವನ್ನೂ ಮಾಡಿದೆ.

ಆದರೆ ನೀರಿಗೆ ಇಳಿಯಲಿಲ್ಲ. ಉಳಿದವರಿಗೂ ಹೀಗೇ ಹೇಳುತ್ತಾನೋ ಇಲ್ಲವೋ ನೋಡಿಯೇ ಬಿಡೋಣ ಎಂದು ಕುರ್ಚಿಯಲ್ಲಿ ಕೂತೆ. ಒಬ್ಬ ಹೆಂಗಸಿಗೆ ಹೇಳಿದ. ಇಬ್ಬರು ದೊರೆಗಳಂಥ ಹುಡುಗರಿಗೂ ಹೇಳಿದ. ಅವನು ಆಚೆ ಹೋದಾಗ ಚಿನ್ನದ ಸರದ ದಪ್ಪ ಮನುಷ್ಯನೊಬ್ಬ ಬೆವರು ಸುರಿಸುತ್ತ ಬಂದವನೇ ನೇರ ನೀರಿಗಿಳಿದ. ನನಗೊಂದು ನ್ಯಾಯ, ಅವನಿಗೊಂದು ನ್ಯಾಯವೇ? ಹತ್ತಿರ ಹೋಗಿ, ಭಾಯ್ ಸಾಹೇಬ್, ಮೊದಲು ಸ್ನಾನ ಮಾಡಬೇಕಂತೆ ಎಂದು ನನ್ನ ಹಿಂದಿಯಲ್ಲಿ ಮರ್ಯಾದೆಯಿಂದಲೇ ಹೇಳಿದೆ. ಅವನು ಮುಖವನ್ನೂ ನೋಡದೆ, “ಭಯ್ಯಾ, ಏಕ್ ಟವೆಲ್ ಲಾನಾ” ಎಂದ. ಟವೆಲು ತಾ ಅಂತ; ನನ್ನನ್ನು ಹೋಟೆಲಿನ ಆಳು ಎಂದುಕೊಂಡಿದ್ದ.

ಮಗಳ ಕಡೆ ನೋಡಿದೆ. ದೂರದ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಬಂದಾಗಿನಿಂದ ಅಲ್ಲೇ ಇದ್ದಳು. ಈ ಅಪ್ಪ ತನ್ನವನಲ್ಲ ಎಂಬಂತೆ ನಿಂತಿದ್ದಾಳೆ, ನಾಚಿಕೆಯಾಗಿದೆ ಎಂದುಕೊಂಡೆ. ಬ್ಯಾಗು ತೆಗೆದುಕೊಂಡು ಮೆಟ್ರೋ ಹಿಡಿಯುವುದೆಂದು ತೀರ್ಮಾನಿಸಿ ಬಾಗಿಲ ಕಡೆ ನಡೆದೆ.

“ಅಪ್ಪಾ, ಎಲ್ಲಿಗೆ ಹೋಗ್ತಿದೀಯಾ? ಬಾ ಇಲ್ಲಿ.”

ಮನೆಯಲ್ಲೂ ಹಿಂದಿ ಮಾತಾಡುವ ಹುಡುಗಿ, ಕೊಳಕ್ಕೆಲ್ಲ ಕೇಳುವಂತೆ ಕನ್ನಡದಲ್ಲಿ ಕೂಗಿದ್ದಳು. ಸರದ ಮನುಷ್ಯ ಅವಳನ್ನೂ ನನ್ನನ್ನೂ ನೋಡಿ, ಸಾರಿ ಅಂಕಲ್ ಎಂದು ಗೊಣಗಿ ಸ್ನಾನಕ್ಕೆ ಹೋದ. ನಾಚಿಕೆಗೋ, ಕಾವಲಿನವನು ವಾಪಸು ಬರುತ್ತಿದ್ದನೆಂದೋ, ನನಗೆ ಈಗಲೂ ಅನುಮಾನವೇ.

ಹತ್ತಿರ ಹೋದೆ. ಅವಳು ಎರಡೂ ಕೈಯಲ್ಲಿ ಅಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೆರಳೆಲ್ಲ ಬಿಳಿಚಿಕೊಂಡಿದ್ದವು.

“ನಂಗೆ ಈಜು ಬರಲ್ಲ. ಆಫೀಸಲ್ಲಿ ಎಲ್ಲರಿಗೂ ಬರುತ್ತೆ. ನೀನು ಕಲಿಸ್ತೀಯ ಅಂತ ಕರ್ಕೊಂಡು ಬಂದೆ.”

“ಮೊದಲೇ ಹೇಳೋದಲ್ವಾ ಪುಟ್ಟಿ?”

“ಹೇಳಿದ್ರೆ ನೀನು ಯಮುನೆಗೆ ಕರ್ಕೊಂಡು ಹೋಗ್ತಿದ್ದೆ.”

ಬಾವಿಯಲ್ಲಾದರೆ ತೇಲಲು ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರು. ಇಲ್ಲಿ ನೀರಿಗಿಳಿದು ನನ್ನ ಅಂಗೈಯನ್ನೇ ಅವಳ ಹೊಟ್ಟೆಯ ಕೆಳಗೆ ಕೊಟ್ಟೆ. ಕಂಬಿ ಬಿಡು ಎಂದೆ. ತುಂಬಾ ಹೊತ್ತಾದ ಮೇಲೆ ಬಿಟ್ಟಳು.

ಈಗ ಅವಳು ನನಗಿಂತ ಚೆನ್ನಾಗಿ ಈಜುತ್ತಾಳೆ, ವರ್ಷಕ್ಕೊಮ್ಮೆ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ. ಕಾವಲಿನವನು ಬಾಯಿ ತೆರೆಯುವ ಮೊದಲೇ ಸ್ನಾನ ಮುಗಿಸಿರುತ್ತೇನೆ. ಹೋಟೆಲಿನವರು ಪುಕ್ಕಟೆ ಎಂದು ಕೊಡುವ ಟವೆಲನ್ನು ಇನ್ನೂ ನಂಬುವುದಿಲ್ಲ. ನೀರಿಗಿಳಿದ ಮೇಲೆ ಮಾತ್ರ ನನ್ನ ಕಣ್ಣು ಮೊದಲು ಮೂಲೆಗಳಿಗೆ ಹೋಗುತ್ತದೆ. ಅಲ್ಲಿ ಯಾರಾದರೂ ಕಂಬಿ ಹಿಡಿದು ನಿಂತಿದ್ದರೆ, ಅವರ ಮುಖಕ್ಕೆ ನೀರು ಹಾರದಂತೆ ದೂರದಲ್ಲಿ, ನಿಧಾನವಾಗಿ ಕೈ ಬೀಸಿ ಈಜುತ್ತೇನೆ.