ಗೇಟಿನ ಕೆಳಗಿನ ನೊರೆ

ಸುರಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಶಹಾಪುರದ ಶಿಕ್ಷಕರ ಸಭೆಯಲ್ಲಿ ಪಲ್ಸರ್ ಸುತ್ತಲಿನ ನೀಹಾರಿಕೆಯ ಬಗ್ಗೆ ಮಾತಾಡಬೇಕಿದ್ದ ಜೊತೆಯ ಶಿಕ್ಷಕಿ ಹಿಂದಿನ ವಾರ ಬಂದು, "ಅಕ್ಕೋರೆ, ಈ ಗಾಮಾ ಕಿರಣ ಎಲ್ಲಿ ಹುಟ್ಟತಾವಂತನ ನನಗ ತಿಳಿವಲ್ದು" ಎಂದಳು.

ಅವಳನ್ನು ನಮ್ಮೂರು ದೇವಾಪುರಕ್ಕೆ ಕರೆದೊಯ್ದು ಕಾಲುವೆಯ ಗೇಟಿನ ಮೇಲೆ ನಿಲ್ಲಿಸಿದೆ. ಗೇಟಿನಡಿಯಿಂದ ರಭಸವಾಗಿ ಜಾರಿದ ನೀರು, ಮುಂದಿನ ನಿಧಾನದ ನೀರಿಗೆ ಬಡಿದಲ್ಲಿ ಉಬ್ಬಿ ನೊರೆಯಾಗುತ್ತಿತ್ತು.

"ಪಲ್ಸರ್ ಅಂದ್ರ ಸತ್ತ ನಕ್ಷತ್ರ, ಗರಗರ ತಿರುಗತಿರತೈತಿ. ಅದರಿಂದ ಕಣಗಳ ಗಾಳಿ ಹಿಂಗ ನುಗ್ಗತೈತಿ. ಸುತ್ತಲಿನ ಮೋಡಕ್ಕ ಬಡದಲ್ಲಿ ಕಣಕ್ಕ ಸೊಕ್ಕು ಬರತೈತಿ. ಅಂಥಾ ಕಣದಿಂದನ ಭಾರಿ ಶಕ್ತಿಯ ಗಾಮಾ ಕಿರಣ ಹುಟ್ಟತಾವ" ಎಂದೆ. ಆ ನೊರೆ ನೋಡುತ್ತಲೇ ಬೆಳೆದ ನನಗೆ ಹೊಳೆದ ಹೋಲಿಕೆ ಅದು. ಯಾವ ಪುಸ್ತಕದ್ದೂ ಅಲ್ಲ.

ಸಭೆಯಲ್ಲಿ ಅವಳು ಮೈಕು ಹಿಡಿದು, "ನಮ್ಮ ಹೊಲದ ಬಾಜೂ ಕಾಲುವಿ ಗೇಟೈತ್ರಿ. ನಾ ಸಣ್ಣಾಕಿದ್ದಾಗಿಂದ ಆ ನೊರಿ ನೋಡೀನ್ರಿ" ಎಂದು ಶುರುಮಾಡಿದಳು. ಅವಳ ಊರು ಬಳಿಚಕ್ರ. ಅಲ್ಲಿಯ ಅವರ ಹೊಲ ಮಳೆಯನ್ನೇ ನಂಬಿದ್ದು. ಬಾಜೂ ಯಾವ ಕಾಲುವೆಯೂ ಇಲ್ಲ. ಕೇಳುವವರಿಗೆ ಅದೆಲ್ಲ ಬೇಕಿರಲಿಲ್ಲ. ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಬರೀ ಹೋಲಿಕೆ ಒಯ್ದಿದ್ದರೆ ಹಾಳಾಗಲಿ ಎಂದು ಬಿಡುತ್ತಿದ್ದೆ. ಇವಳು ನನ್ನ ಬಾಲ್ಯವನ್ನೂ ಒಯ್ದಿದ್ದಳು.

ಚಹಾದ ಹೊತ್ತಿಗೆ, ಹೊದ್ದ ಶಾಲಿನಲ್ಲೇ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, "ನೀವು ಹೇಳಿಕೊಟ್ಟಂಗ ಹೇಳಿದೆ ಅಲ್ರಿ, ಅಕ್ಕೋರೆ?" ಎಂದಳು.

"ಈ ಮಾತು ಮೈಕಿನ್ಯಾಗ ಹೇಳಬೇಕಿತ್ತು" ಎಂದೆ.